ಹೋರಿಯ ಬೆನ್ನೇರಿದ ಚಿತ್ರ

ನನ್ನ ಚಿತ್ರಗಳ ಬಗ್ಗೆ ಅಕ್ಕನಿಗೆ ಇದ್ದದ್ದು ಒಂದೇ ಪ್ರಶ್ನೆ: "ಇದು ಏನೋ ತಮ್ಮಾ?" ಕೇಳುವ ಧಾಟಿಯಲ್ಲಿ ಕುಚೋದ್ಯ ಇರುತ್ತಿರಲಿಲ್ಲ. ಬುತ್ತಿಯ ಗಂಟು ಬಿಚ್ಚಿ ಒಳಗೆ ಏನಿದೆ ಎಂದು ನೋಡುವವರ ಹಾಗೆ ಸರಳವಾಗಿ ಕೇಳುತ್ತಿದ್ದಳು. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅಪ್ಪ, ಅವ್ವ ಬೇಗ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಅಕ್ಕಿಆಲೂರಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗುವಾಗ ತನ್ನ ಟ್ರಂಕಿನ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಚಿತ್ರಕಲೆ ಕಲಿಯುತ್ತೇನೆ ಎಂದಾಗ ಊರೆಲ್ಲ ನಕ್ಕರೂ ಧಾರವಾಡಕ್ಕೆ ಕಳಿಸಿದಳು. ಆಗ ನಾನು ಮುಖ ಬರೆಯುವುದರಲ್ಲಿ ಗಟ್ಟಿಗ. ಯಾರದೇ ಅಜ್ಜನ ಮಸುಕು ಫೋಟೋ ಕೊಟ್ಟರೂ ಮೀಸೆಯ ಕೂದಲು ಎಣಿಸುವಂತೆ ಬರೆದುಕೊಡುತ್ತಿದ್ದೆ. ಹಿರೇಕೆರೂರಿನಿಂದ ಶಿಗ್ಗಾಂವಿಯವರೆಗೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ನಾನು ಬರೆದ ಅಜ್ಜಂದಿರು ಇವತ್ತಿಗೂ ಬಂದವರನ್ನೆಲ್ಲ ಕೆಕ್ಕರಿಸಿ ನೋಡುತ್ತಿದ್ದಾರೆ. "ನಮ್ಮ ತಮ್ಮ ಬರದ್ರ ಸತ್ತವರೂ ಎದ್ದು ಕುಂಡರ್ತಾರ" ಎಂದು ಅಕ್ಕ ಹೇಳಿಕೊಂಡು ತಿರುಗುತ್ತಿದ್ದಳು.

ಅಂಥ ನಾನು ಕೆಟ್ಟದ್ದು ಒಂದು ಪುಸ್ತಕದಿಂದ. ನೂರು ವರ್ಷಕ್ಕೂ ಹಿಂದೆ ರಷ್ಯಾದ ಒಬ್ಬ ಚಿತ್ರಕಾರ ಸಂಜೆ ಮನೆಗೆ ಬಂದಾಗ, ಗೋಡೆಗೆ ಒರಗಿಸಿದ್ದ ಒಂದು ಚಿತ್ರ ಕಂಡು ಬೆರಗಾದನಂತೆ. ಅದರಲ್ಲಿ ಏನಿದೆ ಎಂದು ತಿಳಿಯಲೇ ಇಲ್ಲ, ಬರೀ ಬಣ್ಣ ಹೊಳೆಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ ತನ್ನದೇ ಚಿತ್ರ, ಅಡ್ಡಲಾಗಿ ನಿಂತಿತ್ತು! ಚಿತ್ರಕ್ಕೆ ವಸ್ತುವೇ ಅಡ್ಡಿ ಎಂದು ಅವನಿಗೆ ಅನಿಸಿದ್ದು ಆಗ. ಹಾಲೆಂಡಿನ ಇನ್ನೊಬ್ಬ ಗಿಡ ಬರೆಯುತ್ತ ಬರೆಯುತ್ತ ಎಲೆ ಬಿಟ್ಟ, ಟೊಂಗೆ ಬಿಟ್ಟ, ಕಡೆಗೆ ಗೆರೆ ಮತ್ತು ಚೌಕಗಳನ್ನಷ್ಟೇ ಉಳಿಸಿಕೊಂಡ. ರಷ್ಯಾದವನೇ ಆದ ಮತ್ತೊಬ್ಬ ಬರೀ ಒಂದು ಕರಿ ಚೌಕ ಬರೆದು, ಅವರ ಕಡೆ ಮನೆಗಳಲ್ಲಿ ದೇವರ ಪಟ ಇಡುವಂಥ ಮೂಲೆಗೆ ಏರಿಸಿದ. ಇದನ್ನೆಲ್ಲ ಓದಿದ ಮೇಲೆ ನನಗೆ ಅಜ್ಜಂದಿರ ಮೀಸೆ ಬರೆಯುವುದು ಸಾಕಾಯಿತು.

ಕರಿ ಚೌಕದ ಕಥೆಯನ್ನು ಉತ್ಸಾಹದಿಂದ ಅಕ್ಕನಿಗೆ ಹೇಳಿದೆ. ಆಕೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು.

"ದೃಷ್ಟಿ ಆಗಬಾರದಂತ ಹಾಕಿರಬೇಕು. ನಾವೂ ಮನಿ ಕಟ್ಟಸುಮುಂದ ಹಾಕಿದ್ವಲ್ಲ" ಎಂದಳು.

ನಾನು ಬಣ್ಣ ಬಳಿದು ತಂದು ತೋರಿಸಿದ್ದಕ್ಕೆಲ್ಲ ಅದೇ ಪ್ರಶ್ನೆ ಬಂತು. "ಇದು ಏನೂ ಅಲ್ಲ ಅಕ್ಕಾ, ಚಿತ್ರ" ಎಂದರೆ, "ಏನೂ ಅಲ್ಲದ್ದನ್ನ ಇಷ್ಟು ತ್ರಾಸ ತಗೊಂಡು ಯಾಕ ಬರೀತಿ?" ಎನ್ನುವಳು. ಓಣಿಯಲ್ಲಿ ಸುದ್ದಿ ಹಬ್ಬಿತು: ಮಾಸ್ತರನ ಕೈ ಕೆಟ್ಟಿದೆ. ಅಕ್ಕನಿಗೆ ಅದು ಕೈಯಲ್ಲ, ಕಣ್ಣು ಎನಿಸಿತು. ಒಂದು ದಿನ ಶಾಪಿಂಗ್ ಇದೆ ಎಂದು ನನ್ನನ್ನು ಬಸ್ಸು ಹತ್ತಿಸಿ ಶಿಗ್ಗಾಂವಿಯ ಕಣ್ಣಿನ ಡಾಕ್ಟರ ಮುಂದೆ ಕೂರಿಸಿದಳು. ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ನಾನು ಗಡಗಡ ಓದಿದೆ. "ಕಣ್ಣು ಅಗದಿ ಚಲೋ ಅದಾವ್ರಿ" ಎಂದರು ಡಾಕ್ಟರು.

ಅಕ್ಕ ನಿಟ್ಟುಸಿರು ಬಿಟ್ಟಳು. "ಹಂಗಾರ ತಲೀದು ಎಲ್ಲಿ ತೋರಸ್ಬೇಕ್ರಿ?"

ಒಂದು ದೀಪಾವಳಿಯ ಪಾಡ್ಯದ ದಿನ ನನಗೂ ಅವಕಾಶ ಸಿಕ್ಕಿತು. ಅಕ್ಕ ಹಬ್ಬದ ಪದ್ಧತಿಯಂತೆ ಹೊಸ್ತಿಲ ಹತ್ತಿರ ಸೆಗಣಿಯ ಉಂಡೆಗಳನ್ನೇ ಪಾಂಡವರೆಂದು ಇಟ್ಟು ಚೆಂಡುಹೂ ಸಿಗಿಸುತ್ತಿದ್ದಳು. "ಇದರಾಗ ಭೀಮ ಯಾರು? ಮೂಗೆಲ್ಲಿ, ಗದಿ ಎಲ್ಲಿ?" ಎಂದು ಕೇಳಿದೆ. ಗೆದ್ದೇ ಬಿಟ್ಟೆ ಎಂದುಕೊಂಡಿದ್ದೆ.

"ಮೂಗ್ಯಾಕ ಬೇಕೋ? ಪಾಂಡವರಂತ ನಮಗ ಗೊತ್ತೈತಿ, ಅವರಿಗೂ ಗೊತ್ತೈತಿ. ನಿನ್ನ ಚಿತ್ರಕ್ಕ ತಾನು ಏನು ಅನ್ನೂದರ ಗೊತ್ತೈತೇನು?"

ಆ ರಾತ್ರಿ ನಾನು ನನ್ನ ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಿದೆ.

ಜಗತ್ತು ನನ್ನನ್ನು ಮೆಚ್ಚದಿದ್ದರೆ ಕತ್ತೆ ಬಾಲ, ಅಕ್ಕ ಒಮ್ಮೆಯಾದರೂ "ಇದು ಏನು" ಎನ್ನದೆ ನನ್ನ ಚಿತ್ರ ನೋಡಬೇಕು. ಆ ಹಟ ನನ್ನನ್ನು ಹಿಡಿದುಕೊಂಡಿತು. ಮರುವರ್ಷ ದಸರೆ ಮುಗಿಯುತ್ತಲೇ ಅಕ್ಕನ ಮನೆಗೇ ಹೋಗಿ, ಹಿತ್ತಲಿನ ಹೊಟ್ಟಿನ ಕೋಣೆ ಖಾಲಿ ಮಾಡಿಸಿ, ಗೋಡೆಯಗಲಕ್ಕೆ ದಪ್ಪ ಕ್ಯಾನ್ವಾಸ್ ಬಟ್ಟೆ ಬಡಿದೆ. ಮುಗಿಯುವವರೆಗೆ ಯಾರೂ ನೋಡಕೂಡದು ಎಂದು ಬಾಗಿಲು ಹಾಕಿಕೊಂಡು ರಜೆಯ ದಿನಗಳಲ್ಲಿ ಕೆಲಸ ಮಾಡಿದೆ. ಅಕ್ಕ ಚಹಾ ತಂದರೂ ಕಿಟಕಿಯಿಂದಲೇ ಇಸಿದುಕೊಳ್ಳುತ್ತಿದ್ದೆ.

ಒಳಗೆ ಬರುತ್ತಿದ್ದವನು ಮಾವನೊಬ್ಬನೇ, ಅಕ್ಕನ ಗಂಡ. ತನ್ನ ಮನೆಯ ಹೊಟ್ಟಿನ ಕೋಣೆಗೆ ಬರಬೇಡ ಎನ್ನುವುದು ಹೇಗೆ? ಮಾತು ಕಡಿಮೆಯ ಮನುಷ್ಯ. ಹೋರಿ ಸಾಕುವುದೇ ಅವನ ಜೀವ. ಬಾಗಿಲು ಸರಿಸಿ ಒಳಗೆ ಬಂದು, ಮತ್ತೆ ಭದ್ರವಾಗಿ ಹಾಕಿ, ಚಿತ್ರದ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಒಂದು ದಿನವೂ "ಇದು ಏನು" ಎನ್ನಲಿಲ್ಲ. ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ.

"ಕೆಂಪು ಇನ್ನೊಂದೀಟು ಬರ್ಲಿ ಮಾಸ್ತರ. ದೂರಿಂದ ಕಣ್ಣಿಗೆ ಹೊಡೀಬೇಕು" ಎಂದ ಒಮ್ಮೆ.

ನಾನು ಕೆಂಪು ಹೆಚ್ಚಿಸಿದೆ. ನಿಜಕ್ಕೂ ಚಿತ್ರಕ್ಕೆ ಕಳೆ ಬಂತು. ಇನ್ನೊಮ್ಮೆ ಬಂದು, "ಅಗಲ ಸಾಕಾಗ್ತೈತಿ. ಹಿಂದ ಮಾತ್ರ ಸ್ವಲ್ಪ ಇಳೀಬೇಕು" ಎಂದ. ಹಿನ್ನೆಲೆಯ ಬಣ್ಣ ತಗ್ಗಬೇಕು ಎನ್ನುತ್ತಿದ್ದಾನೆ ಎಂದುಕೊಂಡು ಕಂದು ಹಚ್ಚಿ ತಗ್ಗಿಸಿದೆ. ಎಂಥ ಸೂಕ್ಷ್ಮ! ಧಾರವಾಡದಲ್ಲಿ ನಮಗೆ ಕಲಿಸಿದವರಲ್ಲೂ ಇಂಥ ಕಣ್ಣು ಕಂಡಿರಲಿಲ್ಲ. ಈ ಮನುಷ್ಯನನ್ನು ಇಷ್ಟು ವರ್ಷ ಬರೀ ಹೋರಿಯ ಹುಚ್ಚ ಎಂದು ತಿಳಿದಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ನಮ್ಮ ಕಡೆಯ ಒಂದು ಪದ್ಧತಿಯನ್ನು ಆ ಸಂಭ್ರಮದಲ್ಲಿ ನಾನು ಪೂರ್ತಿ ಮರೆತಿದ್ದೆ. ದೀಪಾವಳಿ ಮುಗಿಯುತ್ತಲೇ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಬೆನ್ನ ಮೇಲೆ ಬಣ್ಣದ ಜೂಲ ಹೊದಿಸಿ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಗಂಡಸರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಹೋರಿ ಈ ಸಲ ಏನು ತೊಡುತ್ತದೆ ಎನ್ನುವುದು ಅವತ್ತಿನವರೆಗೆ ಗುಟ್ಟು. ಬಾಗಿಲು ಹಾಕಿಕೊಂಡೇ ಜೂಲ ಸಿದ್ಧ ಮಾಡುತ್ತಾರೆ, ಮನೆಯವರೂ ಅದೇನೆಂದು ಬಾಯಿಬಿಟ್ಟು ಕೇಳುವುದಿಲ್ಲ. ಹೆಂಡತಿಯ ತಮ್ಮ ಡ್ರಾಯಿಂಗ್ ಮಾಸ್ತರ, ದೀಪಾವಳಿ ಹತ್ತಿರ ಬಂದಾಗ ಹೊಟ್ಟಿನ ಕೋಣೆಯ ಬಾಗಿಲು ಹಾಕಿಕೊಂಡು ಅಷ್ಟಗಲದ ಬಟ್ಟೆಗೆ ಬಣ್ಣ ಹಚ್ಚುತ್ತಿದ್ದಾನೆ. ಮಾವ ಮತ್ತೇನೆಂದು ತಿಳಿಯಬೇಕಿತ್ತು?

ಹಬ್ಬದ ದಿನ ನಾನು ಅಕ್ಕನ ಜೊತೆ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹೆಂಗಸರ ನಡುವೆ ನಿಂತು ನೋಡುತ್ತಿದ್ದೆ. ಕೇಕೆ, ಸಿಳ್ಳೆ, ಧೂಳು. ಒಂದಾದ ಮೇಲೊಂದು ಹೋರಿ ಬಂದವು. ಆಮೇಲೆ ನಮ್ಮದು ಬಂತು. ಅದರ ಬೆನ್ನ ಮೇಲೆ ನನ್ನ ಚಿತ್ರ!

ಹಿಂದಿನ ರಾತ್ರಿ ನಾನು ಮುಗಿಸಿಟ್ಟಿದ್ದನ್ನು ಮಾವ ನಸುಕಿನಲ್ಲೇ ಗೋಡೆಯಿಂದ ಬಿಚ್ಚಿಕೊಂಡಿದ್ದ. ಅಷ್ಟು ದಿನ ಗೋಡೆಯ ಮೇಲೆ ತೆಪ್ಪಗಿದ್ದ ಕೆಂಪು, ಹಳದಿ, ನೀಲಿ ಎಲ್ಲ ಹೋರಿಯ ಭುಜ ಏರಿಳಿದಂತೆ ಏರಿಳಿಯುತ್ತಿದ್ದವು. "ಹಿಂದ ಇಳೀಬೇಕು" ಎಂದಿದ್ದ ಭಾಗ ಬಾಲದ ಬುಡದಲ್ಲಿ ಪಟಪಟ ಹಾರುತ್ತಿತ್ತು. ಕೂಗಲು ಬಾಯಿ ತೆರೆದೆ. ಪಕ್ಕದಲ್ಲಿ ಅಕ್ಕ ನನ್ನ ರಟ್ಟೆ ಹಿಂಡಿದಳು.

"ಅಯ್ಯ, ನಮ್ಮ ಹೋರಿ ನೋಡೋ! ಮ್ಯಾಲಿಂದು ಏನ್ ಚಂದ ಕಾಣಾಕತ್ತೈತಿ! ಸವಣೂರಾಗ ಹೊಲಿಸ್ಯಾರೇನ ಇವ್ರು?"

ಅವಳು ಕೇಳಿದ್ದು ಎಲ್ಲಿ ಹೊಲಿಸಿದ್ದು ಎಂದು. ಏನು ಎಂದು ಕೇಳಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ನನಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಮರುಕ್ಷಣವೇ ಅನುಮಾನ: ಜೂಲ ಎಂದು ನೋಡಿದ್ದು ಲೆಕ್ಕಕ್ಕೆ ಬರುತ್ತದೆಯೇ? ಅಷ್ಟರಲ್ಲಿ ಒಬ್ಬ ದಾಂಡಿಗ ಕೊಬ್ಬರಿಗೆ ಎಗರಿದ. ಕೈಗೆ ಸಿಕ್ಕಿದ್ದು ಕ್ಯಾನ್ವಾಸ್. ಪರ್ರ್ ಎಂದು ಹರಿದು ಅರ್ಧ ಅವನ ಕೈಯಲ್ಲಿ ಉಳಿಯಿತು, ಇನ್ನರ್ಧ ಹೋರಿಯ ಜೊತೆ ಕೆರೆಯ ಕಡೆಗೆ ಹೋಯಿತು.

"ಅಕ್ಕಾ, ಅದು ನಂದು. ನನ್ನ ಚಿತ್ರ" ಎಂದೆ. ಅಳು ಬಂದಿತ್ತು.

ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಸೀರೆಯ ನೆರಿಗೆ ಎತ್ತಿ ಕಟ್ಟಿ ಟ್ರೇಲರಿನಿಂದ ಕೆಳಗೆ ಧುಮುಕಿದಳು. ಹೆಂಗಸರು ಹಾ ಹಾ ಎನ್ನುತ್ತಿದ್ದಂತೆ ಆ ದಾಂಡಿಗನ ಮುಂದೆ ಹೋಗಿ ನಿಂತಳು.

"ಕೊಡೋ ಇಲ್ಲೆ! ನನ್ನ ತಮ್ಮ ಬರದ ಚಿತ್ರ ಅದು."

ಅವನು ಬಟ್ಟೆಯನ್ನು ಬಿಡಿಸಿ, ತಿರುಗಿಸಿ ನೋಡಿದ. "ಚಿತ್ರ? ಇದರಾಗ ಏನೈತಿ ಬೇ ಯಕ್ಕಾ?"

"ಏನೈತಿ ಅಂತ ನನಗ ಕೇಳ್ತಿ? ಕಣ್ಣ ಕಾಣಂಗಿಲ್ಲೇನ ನಿನಗ? ಶಿಗ್ಗಾಂವಿಯಾಗ ಡಾಕ್ಟರ ಅದಾರ, ಹೋಗಿ ತೋರಿಸ್ಕೊ!"

ಎಷ್ಟೋ ವರ್ಷ ನನ್ನನ್ನು ಸುಟ್ಟ ಪ್ರಶ್ನೆ ಅವತ್ತು ಅವಳನ್ನು ಸುಟ್ಟಿತ್ತು. ಅವನು ತೆಪ್ಪಗೆ ಕೊಟ್ಟು ಹೋದ. ಸಂಜೆ ಮಾವ ಇನ್ನರ್ಧವನ್ನು ಕೆಸರು ತೊಳೆದು ತಂದ. ನಡೆದದ್ದು ತಿಳಿದ ಮೇಲೆ ತಲೆ ಕೆರೆದುಕೊಂಡು, "ನಾ ಮತ್ತ ಜೂಲ ಅಂತ ತಿಳದಿದ್ದೆ" ಎಂದ. "ಜೂಲ ಅಂತೂ ಭಾರಿ ಇತ್ತು ಬಿಡ್ರಿ" ಎಂದೂ ಸೇರಿಸಿದ. ಅವನ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ಆ ಕೆಂಪು ಅವನದೇ ತಾನೆ?

ನಾನು ಹಾನಗಲ್ಲಿಗೆ ಬಂದುಬಿಟ್ಟೆ. ಮುಂದಿನ ತಿಂಗಳು ಹೋದಾಗ ನೋಡಿದರೆ ಚಿತ್ರ ಪಡಸಾಲೆಯಲ್ಲಿದೆ, ಟೀವಿಯ ಮೇಲಿನ ಗೋಡೆಯಲ್ಲಿ. ಅಕ್ಕ ಎರಡೂ ತುಂಡು ಸೇರಿಸಿ ದಬ್ಬಣದಿಂದ ಹೊಲಿದಿದ್ದಳು. ಆದರೆ ಏನೋ ಬೇರೆ ಕಂಡಿತು.

"ಅಕ್ಕಾ, ಈ ಕಡೆ ಅರ್ಧ ತಲಿಕೆಳಗ ಆಗೈತಲ್ಲ."

"ಗೊತ್ತೈತಿ" ಎಂದಳು. "ಮದಲ ನೀ ಬರದಂಗ ಹಚ್ಚಿ ನೋಡಿದೆ. ನೀಲಿ ಎಲ್ಲಾ ಮೂಲ್ಯಾಗ ಮುದುಡಿ ಕುಂತಂಗ ಆತು. ಮನಸಿಗೆ ಬರಲಿಲ್ಲ. ಬಿಚ್ಚಿ, ತಿರುವಿ ಹೊಲದೆ. ಈಗ ನೋಡು, ನೀಲಿ ಉಸಿರಾಡಾಕತ್ತೈತಿ."

ಬಾಗಿಲವರೆಗೆ ಹಿಂದೆ ಸರಿದು ನೋಡಿದೆ. ನನ್ನ ಚಿತ್ರಕ್ಕೆ ಕೈ ಹಾಕಿದಳಲ್ಲ ಎಂದು ಸಿಟ್ಟು ಬಂತು. ನೋಡುತ್ತ ನೋಡುತ್ತ ಅದೂ ಇಳಿಯಿತು. ಅವಳು ನನ್ನ ಚಿತ್ರವನ್ನು ಒಬ್ಬಳೇ ಕೂತು, ಹೊಲಿದು, ಬಿಚ್ಚಿ, ಮತ್ತೆ ಹೊಲಿದು ನೋಡಿದ್ದಳು. ನನಗೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಹಿರಿಯರು ಬಂದರು. ಚಪ್ಪಲಿ ಬಿಡುತ್ತಲೇ ಗೋಡೆ ಕಂಡು ಹುಬ್ಬೇರಿಸಿದರು. "ಇದು ಏನ್ ಬೇ ತಂಗೀ?"

ನಾನು ಉತ್ತರ ಹೇಳಲು ಗಂಟಲು ಸರಿಮಾಡಿಕೊಂಡೆ. ಅಕ್ಕ ಕಣ್ಣಿನಲ್ಲೇ ಸುಮ್ಮನಿರಿಸಿದಳು.

"ಕುಂತು ನೋಡ್ರಿ ಮದಲ" ಎಂದಳು. "ಚಾ ತರ್ತೇನಿ."

ಅವರು ಕೂತರು. ನಾನೂ ಅವರ ಪಕ್ಕದಲ್ಲಿ ಕೂತು ನೋಡತೊಡಗಿದೆ.