ಬಾಣಂತಿ ನಿದ್ದೆ ಮಾಡ್ತಾಳಾ?

ನನ್ನ ಮೊದಲ ಹೆರಿಗೆಯಾದದ್ದು ತವರೂರು ಕೊಳ್ಳೇಗಾಲದಲ್ಲಿ. ಅಪ್ಪ ರೇಷ್ಮೆ ಸೀರೆ ನೇಯುವವರು; ನಮ್ಮ ನಡುಮನೆಯ ಅರ್ಧ ಜಾಗ ಮಗ್ಗದ್ದೇ. ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿ ಅಪ್ಪ ಮಗ್ಗ ಬಿಟ್ಟೆದ್ದು ಇಡೀ ಬೀದಿಗೆ ಮೈಸೂರು ಪಾಕು ಹಂಚಿದರಂತೆ. ಹಂಚಿ ಉಳಿದದ್ದನ್ನು ತಾವೇ ತಿಂದು ಮುಗಿಸಿದರಂತೆ.

ಮೊದಲ ನಾಲ್ಕು ದಿನ ನನ್ನಷ್ಟು ಸಂತೋಷದವಳು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಐದನೆಯ ದಿನ ನಿದ್ದೆ ಹಾರಿಹೋಯಿತು. ಮಗು ಮಲಗಿದರೂ ನನಗೆ ಕಣ್ಣು ಮುಚ್ಚುತ್ತಿರಲಿಲ್ಲ. ಸುಸ್ತೂ ಇರಲಿಲ್ಲ. ಒಂದೇ ಸಮನೆ ಮಾತಾಡುತ್ತಿದ್ದೆ. ಮಗ್ಗದ ಲಾಳಿ ಆಚೆ ಈಚೆ ಓಡುವ ಸದ್ದಿನಲ್ಲಿ ಯಾರೋ ನನಗೆ ಗುಟ್ಟು ಹೇಳುತ್ತಿದ್ದಾರೆ ಅನ್ನಿಸತೊಡಗಿತು. ಎಂಟನೆಯ ದಿನ ಬೆಳಿಗ್ಗೆ ಅವ್ವ ನೀರು ಹಾಕಿದ ಮಗುವನ್ನು ನನ್ನ ಮಡಿಲಿಗೆ ಇಡಲು ಬಂದಾಗ ನಾನು ಗೋಡೆಗೆ ಒತ್ತಿಕೊಂಡು ಕೂತೆ.

"ಇದು ನನ್ ಮೊಗ ಅಲ್ಲ ಕಣವ್ವ. ಆಸ್ಪತ್ರೇಲಿ ಬದಲಾಯ್ಸವ್ರೆ."

ಅವ್ವ ಅತ್ತಳು. ಪಕ್ಕದ ಮನೆಯವರು "ಗಾಳಿ ಸೋಕ್ಯದೆ, ಯಂತ್ರ ಕಟ್ಟುಸ್ಬೇಕು" ಅಂದರು. ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ರಜೆ ಹಾಕಿ ಬಂದಿದ್ದರು. ಏನು ಮಾಡುವುದೆಂದು ತಿಳಿಯದೆ ಹನೂರಿನಲ್ಲಿದ್ದ ತಮ್ಮ ತಾಯಿಗೆ ಫೋನ್ ಮಾಡಿದರು. ಸಿಕ್ಕಿದ ಬಸ್ಸು ಹತ್ತಿ ಅತ್ತೆ ಬಂದೇಬಿಟ್ಟರು.

ಹುಚ್ಚು ಹುಡುಗಿಯನ್ನು ಗಂಟು ಹಾಕಿದಿರಿ ಎಂದು ಬೀಗಿತ್ತಿ ಕೂಗಾಡುತ್ತಾಳೆಂದು ಅವ್ವ ಹೆದರಿದ್ದಳು. ಅತ್ತೆ ಕೂಗಾಡಲಿಲ್ಲ. ಮೊಮ್ಮಗಳನ್ನೂ ಎತ್ತಿಕೊಳ್ಳದೆ ನೇರವಾಗಿ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು.

"ನಿದ್ದೆ ಮಾಡಿ ಎಷ್ಟ್ ದಿನಾಯ್ತವ್ವ?"

ಅಷ್ಟು ದಿನದಲ್ಲಿ ಹಾಲಿನ ಬಗ್ಗೆ, ಮಗುವಿನ ಬಗ್ಗೆ ಎಲ್ಲರೂ ಕೇಳಿದ್ದರು. ನನ್ನ ಬಗ್ಗೆ ಕೇಳಿದವರು ಅವರೊಬ್ಬರೇ.

"ಮಲಿಕಂಡ್ರೆ ನನ್ನೂ ಎತ್ಕಂಡ್ ಓಗ್ಬುಡ್ತಾರೆ ಅತ್ತೆ."

"ನಾನ್ ಇಲ್ಲೇ ಕೂತಿರ್ತೀನಿ, ಯಾರ್ ಬಂದಾರು? ಈಗ ನಾವಿಬ್ರೂವೆ ಡಾಕ್ಟ್ರ ತಾವ್ಕೆ ಓಗ್ ಬರವ, ಏಳು."

ಆಮೇಲೆ ಅವ್ವನ ಕಡೆ ತಿರುಗಿದರು. "ಗಾಳಿನೂ ಇಲ್ಲ ಗೀಳಿನೂ ಇಲ್ಲ, ಬೀಗಿತ್ತಿಯವ್ರೆ. ನಿಮ್ಮಳಿಯ ಉಟ್ದಾಗ ನಂಗೂ ಮನ್ಸು ಕೆಟ್ಟೋಗಿತ್ತು. ಮೊಗಾನ ನೋಡುದ್ರೆ ಅಳು. ಬಾವಿಗ್ ಬಿದ್ಬುಡವ ಅನ್ನೋದು. ಆರ್ ತಿಂಗ್ಳು ಅಂಗೇ ಇದ್ದೆ, ಯಾರ್ಗೂ ಏಳ್ನಿಲ್ಲ. ಇವ್ಳು ಅಂಗೆ ಒದ್ದಾಡದು ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಆ ಮಾತನ್ನು ಕೇಳಿದ್ದು ಅದೇ ಮೊದಲು. ಅವರು ಹೋಗಿ ಆಟೋ ಕರೆತಂದರು. ಮಗುವನ್ನೆತ್ತಿಕೊಂಡು ಅವ್ವನೂ ಹತ್ತಿದಳು.

ಆಸ್ಪತ್ರೆಯಲ್ಲಿ ಅವತ್ತೇ ನಮ್ಮನ್ನು ಮನೋವೈದ್ಯರ ಹತ್ತಿರ ಕಳಿಸಿದರು. ಆ ಡಾಕ್ಟರಮ್ಮ ಅವ್ವನಿಗೆ ನಿಧಾನವಾಗಿ ಹೇಳಿದರು: "ಇದು ಹೆರಿಗೆ ಆದ ಮೇಲೆ ಕೆಲವರಿಗೆ ಬರೋ ಕಾಯಿಲೆ. ಇವರ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಒಂದು ದಿನಾನೂ ತಡ ಮಾಡಬಾರದು. ತಾಯಿ, ಮಗು ಇಬ್ಬರನ್ನೇ ಬಿಟ್ಟು ಎಲ್ಲೂ ಹೋಗಬೇಡಿ. ಗುಣ ಆಗ್ತಾರೆ." ನನ್ನನ್ನು ದಾಖಲು ಮಾಡಿಕೊಂಡರು. ಔಷಧಿ ಕೊಟ್ಟ ಮೇಲೆ ನಾನು ನಿದ್ದೆಹೋದ ಪರಿ ನೋಡಿ ಅವ್ವ ಎರಡು ಸಲ ಮೂಗಿನ ಹತ್ತಿರ ಕೈ ಇಟ್ಟು ನೋಡಿದಳಂತೆ.

ಆಸ್ಪತ್ರೆ ಸೇರಿದ ಮೂರನೆಯ ವಾರದ ಒಂದು ಮಧ್ಯಾಹ್ನ. ಅಪ್ಪ ನೇಯ್ದ ಅಂಚಿನ ಸೀರೆ ಉಟ್ಟು ಬಂದ ಅತ್ತೆ, ಮನೆಯಲ್ಲಿ ನೀರು ಹಾಕಿ ಕರೆತಂದಿದ್ದ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನರ್ಸಮ್ಮನಿಗೆ ಸೀರೆಯ ಗುಣಗಾನ ಮಾಡುತ್ತಿದ್ದರು. ಮಗು ಸೆರಗಿನ ತನಕ ಉಚ್ಚೆ ಹುಯ್ದಿತು. ಅತ್ತೆಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಅತ್ತೆ, ಇವ್ಳನ್ನ ಯಾರೂ ಬದಲಾಯ್ಸಿಲ್ಲ ಬುಡಿ. ನಮ್ಮವ್ಳೇ."

"ಸೀರೆ ಓದ್ರೆ ಓಯ್ತದೆ. ನಗವ್ವ, ಇನ್ನೊಂದ್ಸಲ ನಗು" ಎಂದು ಅತ್ತೆ ಒದ್ದೆ ಸೀರೆಯಲ್ಲೇ ಮಗುವನ್ನು ನನ್ನ ಕೈಗಿಟ್ಟರು. ಅದರ ನೆತ್ತಿಗೆ ಮೂಗು ಒತ್ತಿದೆ. ಹಾಲು, ಎಣ್ಣೆ, ಸಾಂಬ್ರಾಣಿ ಎಲ್ಲ ಬೆರೆತ ವಾಸನೆ. ನಮ್ಮ ಮನೆಯದೇ ವಾಸನೆ.

ಎಲ್ಲವೂ ಅವತ್ತೇ ಸರಿಹೋಯಿತು ಅನ್ನಲಾರೆ. ಮಾತ್ರೆ ಬಹಳ ತಿಂಗಳು ನಡೆಯಿತು. ಮಗುವನ್ನು ದೂರ ತಳ್ಳಿದೆನಲ್ಲ ಎಂಬ ನಾಚಿಕೆ ಅದಕ್ಕಿಂತ ಹೆಚ್ಚು ಕಾಲ ಇತ್ತು. ಅದನ್ನು ಬಿಡಿಸಿದ್ದೂ ಅತ್ತೆಯೇ. ಮಗಳಿಗೆ ವರ್ಷ ತುಂಬಿದ ಮೇಲೆ ನನ್ನನ್ನು ಹನೂರಿನ ಅಂಗನವಾಡಿಗೆ, ಗರ್ಭಿಣಿಯರೂ ಅವರ ಮನೆಯವರೂ ಸೇರುವ ದಿನ, ಕರೆದುಕೊಂಡು ಹೋದರು. "ನಿಂಗಾದ್ದ ಇವ್ರ್ಗೆಲ್ಲ ಏಳು" ಎಂದು ತಿವಿದರು. ನಾನು ತಲೆ ತಗ್ಗಿಸಿ ಕೂತೇ ಇದ್ದೆ. ಅವರೇ ಎದ್ದು ನಿಂತರು.

"ಸೊಸೆ ಆಲು ಕುಡುಸ್ತಾಳಾ ಅಂತ ಕೇಳ್ತೀರಿ. ನಿದ್ದೆ ಮಾಡ್ತಾಳಾ ಅಂತ ಒಬ್ರಾರ ಕೇಳಿದ್ದೀರ?"

ಸೊಸೆಯಂದಿರೆಲ್ಲ ಕಿಸಕ್ಕನೆ ನಕ್ಕರು. ಅತ್ತೆಯಂದಿರು ಸೀರೆಯ ಸೆರಗು ಸರಿಮಾಡಿಕೊಂಡರು. ಆಗ ನನಗೂ ಮಾತು ಬಂತು. ಮಗ್ಗದ ಸದ್ದಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ.

ಮುಗಿದ ಮೇಲೆ ತಮಿಳುನಾಡಿನ ಗಡಿ ಹತ್ತಿರದ ಮಾರ್ಟಳ್ಳಿಯಿಂದ ಬಂದಿದ್ದ ಒಬ್ಬ ಹೆಂಗಸು ನಮ್ಮ ಹಿಂದೆಯೇ ಬಂದರು. ಅವರ ಮಾತು ಅರ್ಧ ತಮಿಳು, ಅರ್ಧ ಕನ್ನಡ. ತಮ್ಮ ಮನೆಯ ಎರಡು ತಿಂಗಳ ಬಾಣಂತಿ ದಿನವಿಡೀ ಅಳುತ್ತಾಳೆ, ಉಣ್ಣುವುದಿಲ್ಲ, ಮಗುವಿಗೆ ತಾನಿಲ್ಲದಿದ್ದರೇ ಒಳ್ಳೆಯದು ಅನ್ನುತ್ತಾಳೆ ಎಂದರು. ಅತ್ತೆ ತಮ್ಮ ಹರಕು ತಮಿಳಿನಲ್ಲಿ ಏನೋ ಹೇಳಿದರು. ಆ ಹೆಂಗಸು ಕಣ್ಣೀರಿನ ನಡುವೆಯೇ ನಕ್ಕುಬಿಟ್ಟರು. ಆ ಬಾಣಂತಿಯನ್ನು ಮಾರನೆಯ ದಿನವೇ ನಾವು ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಖಿನ್ನತೆ, ವಾಸಿಯಾಗುವಂಥದ್ದು ಎಂದರು. ಕೆಲವು ತಿಂಗಳ ನಂತರ ಅವಳೇ ಫೋನ್ ಮಾಡಿ, ಮಗನಿಗೆ ಬಂದ ಎರಡು ಹಲ್ಲಿನ ಬಗ್ಗೆ ಅರ್ಧ ಗಂಟೆ ಮಾತಾಡಿದಳು.

ಈಗ ನನಗೆ ಐದು ತಿಂಗಳ ಮಗನಿದ್ದಾನೆ. ಕಾಯಿಲೆ ಮರಳಿ ಬರಬಹುದೆಂದು ಈ ಸಲ ಬಸುರಿಯಾದಾಗಲೇ ಡಾಕ್ಟರಮ್ಮನಿಗೆ ಹೇಳಿ, ಯಾವಾಗ ಯಾವ ಔಷಧಿ, ನನ್ನ ಜೊತೆ ಯಾವಾಗ ಯಾರಿರಬೇಕು ಎಲ್ಲ ಗೊತ್ತುಮಾಡಿಕೊಂಡಿದ್ದೆವು. ಕಾಯಿಲೆ ಬರಲಿಲ್ಲ. ಹೋದ ಭಾನುವಾರ ಯಳಂದೂರಿನ ಮನೆಗೆ ಇಬ್ಬರು ಅಜ್ಜಿಯರೂ ಬಂದಿದ್ದರು. ನನ್ನ ಗಂಡ ಮಗನ ಬಟ್ಟೆ ಬದಲಾಯಿಸುವುದನ್ನು ನೋಡಿ ಅವ್ವ ಬೆರಗಾದಳು.

"ನಮ್ ಕಾಲ್ದಲ್ಲಿ ಗಂಡುಸ್ರು ಮೊಗಾನ ಮುಟ್ಟೋಕು ಎದ್ರೋರು."

"ಇವ್ನೂ ಎದ್ರುತಿದ್ದ, ನಾನೇ ಕಲ್ಸುದ್ದು" ಎಂದರು ಅತ್ತೆ.

ಗಂಡ ಬಟ್ಟೆಯನ್ನು ತಿರುಗುಮುರುಗಾಗಿ ಕಟ್ಟಿದ್ದರು. ನಾನು ಹೇಳಲಿಲ್ಲ.