ಕಾಜಾ ಅಕ್ಕನ ರಕ್ತ

ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ, ಅಂದರೆ ಗುಂಡಿಯ ತೂತು, ಹೊಲಿಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಕಾಜಾ ಅಕ್ಕ. ಮನೆಗೆಲಸ ಮುಗಿಸಿ ಅಂಗಡಿ, ಅಂಗಡಿ ಮುಗಿಸಿ ಮತ್ತೆ ಮನೆಗೆಲಸ. ಒಮ್ಮೆ ಸೂಜಿ ಚುಚ್ಚಿದ ಬೆರಳಿನ ರಕ್ತ ನಿಲ್ಲಲೇ ಇಲ್ಲ. ಗಿರಾಕಿಯ ಬಿಳಿ ಅಂಗಿ ಹಾಳಾಯಿತು. ಮೊದಲು ಬೈಗುಳ, ಆಮೇಲೆ ಆಸ್ಪತ್ರೆ. ಅವಳ ಅಸ್ಥಿಮಜ್ಜೆ ರಕ್ತ ಮಾಡುವುದನ್ನೇ ಬಿಟ್ಟಿತ್ತು.

ಸೂಜಿ, ಚಾಕು ಮುಟ್ಟಬೇಡಿ, ಜನರ ನಡುವೆ ಹೋಗಬೇಡಿ ಎಂದರು ಡಾಕ್ಟರಮ್ಮ. ಅಡುಗೆಮನೆ ತಾನಾಗಿ ಮಗಳ ಪಾಲಾಯಿತು. ನರ್ಸಿಂಗ್ ಓದುತ್ತಿದ್ದವಳು, "ಸ್ವಲ್ಪ ದಿನ ರಜೆ ಹಾಕಿದೀನಮ್ಮ" ಎಂದಳು. ಗಂಡ, ಇಬ್ಬರು ಗಂಡುಮಕ್ಕಳು ಆ ಮನೆಯಲ್ಲೇ ಇದ್ದರು. ಅವರ ಕೈಗಳೂ ಚೆನ್ನಾಗಿಯೇ ಇದ್ದವು.

ಬೇರೆಯವರ ರಕ್ತ ಏರಿಸಿಕೊಳ್ಳುತ್ತ ಮಲಗಿದಾಗಲೆಲ್ಲ ಅಕ್ಕನದು ಒಂದೇ ಮಾತು: "ನಾನು ಎದ್ದರೆ ಅವಳು ಕಾಲೇಜಿಗೆ."

ಎದ್ದೇಬಿಟ್ಟಳು. ರಕ್ತದ ಪರೀಕ್ಷೆ ನೋಡಿ ಡಾಕ್ಟರಮ್ಮ ನಕ್ಕರು. "ನಿಮ್ಮ ಮೈಯ ಕಾವಲು ಪಡೆಯೇ ಮಜ್ಜೆಯನ್ನ ಹೊಡೀತಿತ್ತು. ರಕ್ತ ಹುಟ್ಟಿಸೋ ಕೆಲವು ತಾಯಿಕೋಶಗಳು ತಮ್ಮ ಮೈಮೇಲಿನ ಗುರುತು ಕಳಚಿಕೊಂಡು ಅದರ ಕಣ್ಣು ತಪ್ಪಿಸಿವೆ. ಈಗ ಅವೇ ರಕ್ತ ತುಂಬ್ತಿವೆ. ಆದ್ರೂ ಪರೀಕ್ಷೆಗೆ ಬರ್ತಾ ಇರಿ."

"ನನ್ನ ರಕ್ತಕ್ಕೆ ನನಗಿಂತ ಬುದ್ಧಿ ಇದೆ ಬಿಡಿ, ಡಾಕ್ಟ್ರಮ್ಮ. ಆ ಮನೇಲಿ ಒಂದು ಗಳಿಗೆ ಯಾರ ಕಣ್ಣಿಗೂ ಬೀಳದೆ ಕೂರೋಕೆ ನನಗಾಗಿಲ್ಲ!"

ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿದಳು. "ಯಾವಾಗ ಹೊರಡ್ತೀಯೆ?"

"ಎಲ್ಲಿಗಮ್ಮ?"

"ಕಾಲೇಜಿಗೆ ಕಣೆ, ಇನ್ನೆಲ್ಲಿಗೆ!"

ಮಗಳು ಸೌಟಾಡಿಸುತ್ತಲೇ ಇದ್ದಳು. ನಡುಮನೆಯಿಂದ ಗಂಡನೇ ಹೇಳಿದ, "ಅವಳ ಸೀಟು ನಾನಾಗಲೇ ಬಿಡಿಸಿದೆ. ನೀನು ಉಳೀತೀಯ ಅಂತ ಯಾರಿಗೆ ಗೊತ್ತಿತ್ತು? ಮನೆ ನಡೀಬೇಕಲ್ಲ."

ಅಕ್ಕ ಮಗಳತ್ತ ತಿರುಗಿದಳು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಅದೊಂದನ್ನೇ ಹಿಡ್ಕೊಂಡು ಬದುಕ್ತಿದ್ದೆ. ಹೇಗಮ್ಮ ಹೇಳಲಿ?"

ಅಕ್ಕ ಮಗಳ ಕೈಯಿಂದ ಸೌಟು ಕಸಿದುಕೊಂಡಳು. "ಹೋಗು. ಹೋಗಿ ಕೂತ್ಕೋ."

ಮಗಳು ಕೈ ಒರೆಸಿಕೊಂಡು ಬಾಗಿಲ ತನಕ ಹೋದಳು. ನಡುಮನೆಯಲ್ಲಿದ್ದ ಮೂರೇ ಕುರ್ಚಿಗಳಲ್ಲಿ ಅಪ್ಪ, ಅಣ್ಣಂದಿರು ಕೂತಿದ್ದರು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ತಿರುಗಿ ಬಂದು ಅಮ್ಮನ ಪಕ್ಕದಲ್ಲಿ ಈರುಳ್ಳಿ ಸುಲಿಯತೊಡಗಿದಳು.