ಇಸ್ತ್ರಿ ಅಕ್ಕ ತಂದ ಬೆರಳುದ್ದದ ಟಿವಿ

ಇಸ್ತ್ರಿ ಅಕ್ಕನ ಮುಂದೆ ಸುಕ್ಕೂ ನಿಲ್ಲುತ್ತಿರಲಿಲ್ಲ, ಸುಳ್ಳೂ ನಿಲ್ಲುತ್ತಿರಲಿಲ್ಲ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಿಂದೆ ಬಟ್ಟೆ ಕಾರ್ಖಾನೆಯ ಧಣಿ ಹೇಳದೆ ಕೇಳದೆ ಗೇಟಿಗೆ ಬೀಗ ಜಡಿದಾಗ, ಬಿಸಿಲಲ್ಲಿ ಕೂತು ಘೋಷಣೆ ಕೂಗಿದವರಲ್ಲಿ ಅವಳ ಗಂಟಲೇ ದೊಡ್ಡದು. ಬಾವುಟದ ಕೋಲು ಹಿಡಿದ ಕೈಗೆ ಬಿದ್ದ ಲಾಠಿಯ ಗುರುತು ಮೊಣಕೈ ಹತ್ತಿರ ಇನ್ನೂ ಇತ್ತು. ಬೀಗ ತೆರೆಯಲಿಲ್ಲ. ಕೂತವರು ಎದ್ದರು, ಜಗಳವಾಡಿ ಹಳೇ ಹೊಲಿಗೆ ಯಂತ್ರಗಳನ್ನು ಕಿತ್ತುಕೊಂಡು ಬಂದರು, ರಟ್ಟಿನ ಪೆಟ್ಟಿಗೆಗಳ ಗೋದಾಮಿನ ಮೇಲಿದ್ದ ಉದ್ದನೆಯ ಕೋಣೆಯಲ್ಲಿ ತಮ್ಮದೇ ಸಂಘ ಕಟ್ಟಿದರು. ಧಣಿ ಇಲ್ಲದ ಸಂಘ.

ಧಣಿ ಇಲ್ಲವೆಂದ ಮೇಲೆ ತೀರ್ಮಾನ ಮಾಡುವವರು ಯಾರು? ಎಲ್ಲರೂ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದಕ್ಕೂ ಕೈ ಎತ್ತಬೇಕು. ಟೀಗೆ ಸಕ್ಕರೆ ಎಷ್ಟು ಎಂಬುದಕ್ಕೂ ಕೈ ಎತ್ತಬೇಕು. ಒಬ್ಬನ ಅಪ್ಪಣೆ ಕೇಳಿ ಕೇಳಿ ಕಿವಿ ತೂತಾಗಿದ್ದವರಿಗೆ ಹೀಗೆ ಕೈ ಎತ್ತುವುದೇ ಒಂದು ಸುಖ. ಎತ್ತಿದ ಕೈ ಇಳಿಸಲು ಮನಸ್ಸಾಗದೆ ಹಾಗೇ ಕಂಕುಳು ಕೆರೆದುಕೊಳ್ಳುವವರೂ ಇದ್ದರು.

ಆ ವರ್ಷ ಇಸ್ತ್ರಿ ಅಕ್ಕನ ಮಗಳು ಟಿವಿಯಲ್ಲಿ ಬರುವುದಿತ್ತು. ಮಗಳಿಗೆ ಚಿಕ್ಕಂದಿನಿಂದ ವಾಲಿಬಾಲ್ ಹುಚ್ಚು. ಎತ್ತರ ಸಾಲದು ಎಂದು ತಂಡದವರು ಬಿಟ್ಟಾಗ ಅಂಗಳ ಬಿಟ್ಟು ಬರಲಿಲ್ಲ, ಗೆರೆ ಕಾಯಲು ನಿಂತಳು. ಚೆಂಡು ಗೆರೆಯೊಳಗೆ ಬಿದ್ದರೆ ಬಾವುಟ ಕೆಳಗೆ, ಹೊರಗೆ ಬಿದ್ದರೆ ಮೇಲೆ. ವಾರವಿಡೀ ಪಾರ್ಸೆಲ್ ಆಫೀಸಿನಲ್ಲಿ ಗಂಟು ಎತ್ತುವುದು, ರಜೆಯ ದಿನ ಬಾವುಟ ಎತ್ತುವುದು. ಹೀಗೇ ಮೇಲೇರಿ ಈಗ ಹೆಂಗಸರ ದೊಡ್ಡ ಪಂದ್ಯಾವಳಿಯ ಫೈನಲ್‌ಗೆ ಅವಳನ್ನು ಕರೆಸಿದ್ದರು. ದೂರದ ಊರು. ಹೊರಡುವ ಮುಂಚೆ ಅಮ್ಮನಿಗೆ ಒಂದೇ ಮಾತು ಹೇಳಿದ್ದಳು.

"ನೋಡಮ್ಮ. ಆದ್ರೆ ಚೆಂಡು ನೋಡ್ಬೇಡ, ಮೂಲೆ ನೋಡು."

ಮನೆಯ ಟಿವಿ ಸತ್ತು ಅದರ ಮೇಲೆ ಈಗ ಹಿಟ್ಟಿನ ಡಬ್ಬ ಕೂತಿತ್ತು. ಪಂದ್ಯವೋ ಕೆಲಸದ ದಿನ ಮಧ್ಯಾಹ್ನ. ಶಾಲೆಯೊಂದರ ಸಮವಸ್ತ್ರದ ಅಂಗಿಗಳನ್ನು ಅದೇ ಸಂಜೆ ಕಳಿಸಬೇಕಿದ್ದರಿಂದ ಕೋಣೆ ಬಿಟ್ಟು ಹೋಗುವಂತಿರಲಿಲ್ಲ. ಸಂಘದ ಲ್ಯಾಪ್‌ಟಾಪ್ ಒಂದಿತ್ತು. ಅದರಲ್ಲಿ ಇಂಟರ್ನೆಟ್ ಎಷ್ಟು ಚುರುಕೆಂದರೆ ಒಂದು ಗುಂಡಿಯ ಚಿತ್ರ ಇಳಿಯುವಷ್ಟರಲ್ಲಿ ಟೀ ತಣ್ಣಗಾಗುತ್ತಿತ್ತು. ಆಗ ಲೆಕ್ಕದಾಕೆ, ಅಂದರೆ ಸಂಘದ ಲೆಕ್ಕವನ್ನೂ ಲ್ಯಾಪ್‌ಟಾಪನ್ನೂ ನೋಡಿಕೊಳ್ಳುವವಳು, ಟಿವಿ ಟ್ಯೂನರ್ ಎಂಬುದೊಂದಿದೆ, ಚುಚ್ಚಿದರೆ ಗಾಳಿಯಲ್ಲಿ ಬರುವ ಚಾನೆಲ್ಲು ಲ್ಯಾಪ್‌ಟಾಪಿನಲ್ಲೇ ಕಾಣುತ್ತದೆ ಎಂದಳು.

ಸರಿ, ಸಭೆ ಸೇರಿತು. ಟ್ಯೂನರ್ ಎಂದರೆ ಏನೆಂದು ಕಂಡವರು ಒಬ್ಬರೂ ಇಲ್ಲ, ಎಂಥದ್ದು ತರಬೇಕೆಂದು ಹೇಳದವರೂ ಒಬ್ಬರಿಲ್ಲ. ಬಟ್ಟೆ ಕತ್ತರಿಸುವ ಕತ್ತರಿ ಮಾವ ತನ್ನ ಭಾವಮೈದುನನ ಮನೆಯಲ್ಲಿ ಕಂಡಿದ್ದ ದೊಡ್ಡ ಪೆಟ್ಟಿಗೆಯನ್ನು ಬಣ್ಣಿಸಿದ. ರಿಮೋಟ್ ಇರಬೇಕು, ರೇಡಿಯೋ ಹಾಡಬೇಕು, ಮೇಜಿನ ಮೇಲಿಟ್ಟರೆ ಸಂಘಕ್ಕೊಂದು ಕಳೆ ಬರಬೇಕು. ಗುಂಡಿಮನೆ ಹೊಲಿಯುವ ಕಾಜಾ ಅತ್ತೆ ತೂಕ ಇರಲಿ ಎಂದು ಸೇರಿಸಿದಳು. ಹಗುರ ಸಾಮಾನು ಬಾಳುವುದಿಲ್ಲ ಎಂಬುದು ಅವಳ ಗಂಡನನ್ನು ಕಂಡು ಕಲಿತ ಪಾಠವಂತೆ. ಕೈಗಳು ಎದ್ದವು. ದೊಡ್ಡ ಪೆಟ್ಟಿಗೆ, ರಿಮೋಟ್ ಸಹಿತ ಎಂದು ತೀರ್ಮಾನವಾಯಿತು.

ಇಸ್ತ್ರಿ ಅಕ್ಕ ಲ್ಯಾಪ್‌ಟಾಪನ್ನು ದಿಂಬಿನ ಚೀಲದೊಳಗೆ ಇಳಿಸಿಕೊಂಡು ಲೆಕ್ಕದಾಕೆಯ ಜೊತೆ ಅಂಗಡಿಗೆ ಹೋದಳು. ನಿಮ್ಮದು ಯಾವ ಲ್ಯಾಪ್‌ಟಾಪ್ ಎಂದು ಅಂಗಡಿಯವ ಕೇಳಿದ. ಕಪ್ಪು ಎಂದಳು ಅಕ್ಕ. ಅವನು ನಗಲಿಲ್ಲ, ಒಳ್ಳೆಯ ಮನುಷ್ಯ. ಮೊದಲು ಇಸ್ಪೀಟಿನ ಎಲೆಯಂಥದ್ದೊಂದು ತೆಗೆದ. ಅದು ಲ್ಯಾಪ್‌ಟಾಪಿನ ಪಕ್ಕದ ಸೀಳಿನಲ್ಲಿ ತೂರಬೇಕು. ಇವರದರಲ್ಲಿ ಅಂಥ ಸೀಳೇ ಇರಲಿಲ್ಲ, ಇದ್ದ ಸಂದುಗಳಲ್ಲೆಲ್ಲ ದಾರದ ಜೂಲು. ಆಮೇಲೆ ಸಭೆ ಕೈ ಎತ್ತಿದ್ದ ದೊಡ್ಡ ಪೆಟ್ಟಿಗೆ. ಲೆಕ್ಕದಾಕೆಯ ಮುಖ ಅರಳಿತು. ಆದರೆ ಅದು ಹಿಡಿಯುವುದು ಹಳೇ ತರಹದ ಪ್ರಸಾರವನ್ನು, ಆ ಪ್ರಸಾರ ನಿಂತು ಎಷ್ಟೋ ಕಾಲವಾಯಿತು, ಈಗ ಹಾಕಿದರೆ ಕರಿ ಬಟ್ಟೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ ಎಂದ ಅಂಗಡಿಯವ. ಕೊನೆಗೆ ಬೆರಳುದ್ದದ ಒಂದು ಕಡ್ಡಿ ತೆಗೆದ. ಯುಎಸ್‌ಬಿಗೆ ಚುಚ್ಚಿ, ಗೋಡೆಯಿಂದ ಇಳಿದಿದ್ದ ತನ್ನ ಮಹಡಿಯ ಆಂಟೆನಾದ ವೈರು ಸಿಕ್ಕಿಸಿದ. ಕಪ್ಪು ಲ್ಯಾಪ್‌ಟಾಪಿನಲ್ಲಿ ಯಾವನೋ ಟೈ ಕಟ್ಟಿಕೊಂಡವನು ಹವಾಮಾನ ಹೇಳತೊಡಗಿದ.

"ಸಭೆ ದೊಡ್ಡದು ತನ್ನಿ ಅಂದಿದೆ ಅಕ್ಕ," ಎಂದು ಲೆಕ್ಕದಾಕೆ ಪಿಸುಗುಟ್ಟಿದಳು.

"ಎಳ್ಳು ನೋಡೋಕೆ ಟಿವಿ ಯಾಕೆ, ಅಡುಗೆಮನೆ ಇದೆ," ಎಂದು ಅಕ್ಕ ಕಡ್ಡಿಯನ್ನೇ ಕಟ್ಟಿಸಿಕೊಂಡಳು.

ಕೋಣೆಗೆ ಬಂದ ಮೇಲೆ ಕೇಳಬೇಕೆ? ಸಂಘ ಹುಟ್ಟಿದ ಮೇಲೆ ಸಭೆಯ ಮಾತು ಮೀರಿದ್ದು ಅದೇ ಮೊದಲು, ಅದೂ ಸಂಘದ ಗಂಟಲು! ಕತ್ತರಿ ಮಾವ ಕಡ್ಡಿಯನ್ನು ಅಂಗೈ ಮೇಲಿಟ್ಟು ಊದಿ ನೋಡಿದ, ಹಾರಿಹೋಗುತ್ತದೇನೋ ಎಂಬಂತೆ. ಧಣಿಯೂ ಹೀಗೇ ಒಬ್ಬನೇ ತೀರ್ಮಾನ ಮಾಡುತ್ತಿದ್ದ ಎಂದು ಯಾರೋ ಗೊಣಗಿದ್ದು ಅಕ್ಕನ ಎದೆಗೆ ಸೂಜಿಯಂತೆ ಚುಚ್ಚಿತು. ಚಿತ್ರ ಬಂದರೆ ಅದೇ ಉತ್ತರ. ಬಾರದಿದ್ದರೆ ಮಗಳೂ ಇಲ್ಲ, ಮಾನವೂ ಇಲ್ಲ. ಹೊಸ ಸಾಮಾನು ಮೊದಲೇ ಸವೆಯುವುದು ಬೇಡವೆಂದು ಕಡ್ಡಿಯನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕಡ್ಡಿ ಬಂದಿದ್ದ ಪೊಟ್ಟಣದಲ್ಲಿ ಇನ್ನೂ ಕೆಲವು ಚಿಲ್ಲರೆ ಸಾಮಾನುಗಳಿದ್ದವು. ಅವನ್ನು ತಡಕಿದ ಕತ್ತರಿ ಮಾವನಿಗೆ ಮಾತ್ರ ಸಿಟ್ಟು ಇಳಿಯಿತು. ಒಂದು ದುಂಡನೆಯ ಬಿಲ್ಲೆ, ಅಡಿಯಲ್ಲಿ ಅಯಸ್ಕಾಂತ, ಬಾಲದ ಹಾಗೆ ತೆಳ್ಳನೆಯ ವೈರು. ನೆಲಕ್ಕೆ ತೋರಿಸಿದ್ದೇ ತಡ, ಬಿದ್ದ ಗುಂಡುಸೂಜಿಗಳೆಲ್ಲ ಹಾರಿ ಬಂದು ಅಂಟಿಕೊಂಡವು. ಬಿಲ್ಲೆಯ ನೆತ್ತಿಯಲ್ಲಿದ್ದ ಸಣ್ಣ ಕಂಬಿಯನ್ನು ತಿರುಗಿಸಿ ಬಿಚ್ಚಿದರೆ, ಕಾಲರಿನ ಮೂಲೆಗಳನ್ನು ಒಳಗಿನಿಂದ ತಿವಿದು ಚೂಪು ಮಾಡಲು ಹೇಳಿ ಮಾಡಿಸಿದಂತಿತ್ತು. ಟ್ಯೂನರಿನವರು ದರ್ಜಿಗಳ ಕಷ್ಟ ಬಲ್ಲವರು, ಉಚಿತವಾಗಿ ಕೊಟ್ಟಿದ್ದಾರೆ ಎಂದು ಅವನು ಹೊಗಳಿದ. ಬಿಲ್ಲೆಯನ್ನು ಯಾರೂ ಕದಿಯದಿರಲೆಂದು ಅದರ ವೈರನ್ನು ಕತ್ತರಿ ಮೇಜಿನ ಕಾಲಿಗೆ ಸುತ್ತಿ ಗಂಟು ಹಾಕಿದ.

ಫೈನಲ್ ದಿನ ಕೆಲಸ ಚುರುಕಾಗಿತ್ತು. ಕಾಲರ್, ಗುಂಡಿ, ಇಸ್ತ್ರಿ. ಅಂಗಿಗಳ ಗೋಪುರ ಏಳುತ್ತಿತ್ತು. ಹೊತ್ತಿಗೆ ಮುಂಚೆಯೇ ಲೆಕ್ಕದಾಕೆ ಕಡ್ಡಿ ಚುಚ್ಚಿದಳು. ಪರದೆಯ ಮೇಲೆ ಹುಡುಕಾಟದ ಪಟ್ಟಿ ಆ ತುದಿಗೆ ತೆವಳಿ ನಿಂತಿತು. ಒಂದೂ ಚಾನೆಲ್ ಇಲ್ಲ. ಮತ್ತೆ ಹುಡುಕಿಸಿದರು, ಇಲ್ಲ. ಲ್ಯಾಪ್‌ಟಾಪನ್ನು ಕಿಟಕಿಗೆ ಒಯ್ದರು, ಸ್ಟೂಲಿನ ಮೇಲೇರಿಸಿದರು, ಕಾಜಾ ಅತ್ತೆ ಮಗುವಿಗೆ ಗಾಳಿ ತೋರಿಸುವಂತೆ ಹೊರಗೆ ಹಿಡಿದಳು. ಗಾಳಿ ಬಂತು, ಚಾನೆಲ್ ಬರಲಿಲ್ಲ.

ಇಸ್ತ್ರಿ ಅಕ್ಕ ಮಾತಾಡದೆ ಇಸ್ತ್ರಿ ತಿಕ್ಕುತ್ತಿದ್ದಳು. ಅವಳು ಸುಮ್ಮನಿರುವುದನ್ನು ಕಂಡು ಎಲ್ಲರಿಗೂ ಕಸಿವಿಸಿ. ಕತ್ತರಿ ಮಾವ ಮಾತ್ರ ಕಾಲರ್ ತಿವಿಯುತ್ತಾ, ಈಗ ದೊಡ್ಡ ಪೆಟ್ಟಿಗೆ ಇದ್ದಿದ್ದರೆ ಎಂದು ಮೂರನೇ ಸಲ ಶುರು ಮಾಡಿದ. ಆಗ ಲೆಕ್ಕದಾಕೆ ಪೊಟ್ಟಣದ ತಳದಲ್ಲಿ ಮುದುಡಿದ್ದ ಚೀಟಿ ಬಿಡಿಸಿ, ಅದರಲ್ಲಿದ್ದ ಚಿತ್ರ ನೋಡಿದಳು. ಚಿತ್ರದಲ್ಲಿ ಕಡ್ಡಿ, ಕಡ್ಡಿಗೊಂದು ವೈರು, ವೈರಿನ ತುದಿಗೆ ದುಂಡನೆಯ ಬಿಲ್ಲೆ, ಬಿಲ್ಲೆಯ ನೆತ್ತಿಗೆ ಕಂಬಿ. ಅವಳು ತಲೆಯೆತ್ತಿ ಕತ್ತರಿ ಮಾವನ ಕೈ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಯಂತ್ರಗಳು ನಿಂತವು.

"ಮಾವ," ಎಂದಳು ಲೆಕ್ಕದಾಕೆ ಮೆಲ್ಲಗೆ, "ನಿಮ್ಮ ಕೈಲಿರೋದು ಆಂಟೆನಾ."

"ಇದಾ? ಇದು ಕಾಲರ್ ಕಡ್ಡಿ ಕಣೇ," ಎಂದ ಮಾವ. ಎಂದವನಿಗೇ ಅರ್ಥವಾಯಿತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ," ಎಂದು ಕಾಜಾ ಅತ್ತೆ ನಕ್ಕ ನಗೆಗೆ ಕೆಳಗಿನ ಗೋದಾಮಿನವನು ಏನಾಯಿತೆಂದು ಮೇಲೆ ಬಂದು ನೋಡಿದ.

ಮುಂದಿನದು ಬೆಂಕಿ ಬಿದ್ದ ಮನೆಯ ಗಡಿಬಿಡಿ. ಗಂಟು ಬಿಚ್ಚಲಾಗದೆ ಮಾವ ಅಭ್ಯಾಸಬಲದಿಂದ ಕತ್ತರಿ ಎತ್ತಿದ. "ವೈರು ಕತ್ತರಿಸಿದ್ರೆ ನಿಮ್ಮ ಮೀಸೆ ಕತ್ತರಿಸ್ತೀನಿ," ಎಂದು ಅಕ್ಕ ಆ ದಿನದ ಮೊದಲ ಮಾತು ಆಡಿದಳು. ಕೋಣೆಗೆ ಜೀವ ಬಂತು. ಗಂಟು ಬಿಚ್ಚಿ, ಗುಂಡುಸೂಜಿ ಒರೆಸಿ, ಕಂಬಿ ತಿರುಗಿಸಿ ಕೂಡಿಸಿ, ವೈರನ್ನು ಕಡ್ಡಿಗೆ ಸಿಕ್ಕಿಸಿ, ಕಿಟಕಿ ಪಕ್ಕದ ಬೀರುವಿನ ನೆತ್ತಿಗೆ ಇಟ್ಟರೆ ಬಿಲ್ಲೆ ಟಪ್ಪನೆ ಅಂಟಿಕೊಂಡಿತು. ಪಟ್ಟಿ ಮತ್ತೆ ತೆವಳಿತು. ಒಂದು ಚಾನೆಲ್, ಇನ್ನೊಂದು, ಆಮೇಲೆ ಹಸಿರು ಅಂಗಳ, ಬಲೆ, ಜನ.

ಅಕ್ಕ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿ ಮುಂದೆ ಬಂದಳು. ಎಡಗಡೆಯ ಹಿಂದಿನ ಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು, ನೀಲಿ ಅಂಗಿ, ಕೆಂಪು ಬಾವುಟ. ಅವಳ ಮಗಳು.

ಆ ಮಧ್ಯಾಹ್ನ ಸಂಘದವರು ಯಾರೂ ಚೆಂಡು ನೋಡಲಿಲ್ಲ. ಆಟಗಾರ್ತಿಯರು ಹಾರಿ ಬಿದ್ದು ಒದ್ದಾಡುತ್ತಿದ್ದರೆ ಇವರು ಮೂಲೆಯತ್ತ ಕತ್ತು ನೀಳ ಮಾಡಿ, ಬಾವುಟ ಅಲುಗಿದಾಗೆಲ್ಲ ಶಿಳ್ಳೆ ಹೊಡೆದರು. ಕ್ಯಾಮೆರಾದವನು ಮೂಲೆ ಬಿಟ್ಟು ಬೇರೆಡೆ ತಿರುಗಿದರೆ ಕಾಜಾ ಅತ್ತೆಯಿಂದ ಅವನ ಮನೆತನಕ್ಕೆಲ್ಲ ಬೈಗುಳ.

ಕೊನೆಗೆ ಒಂದು ಚೆಂಡು ಆ ಮೂಲೆಗೇ ಬಂದು ಬಡಿಯಿತು. ಬಾವುಟ ಮೇಲೆದ್ದಿತು. ಅಂಗಳ ತುಂಬ ಕೂಗು; ಆಟಗಾರ್ತಿಯೊಬ್ಬಳು ಹತ್ತಿರ ಬಂದು ಕೈ ಬೀಸಿ ಜಗಳಕ್ಕೆ ನಿಂತಳು. ಗಿಡ್ಡ ಹುಡುಗಿ ಬಾವುಟ ಇಳಿಸಲಿಲ್ಲ. ಅಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ಹೋಯಿತು. ಕೋಣೆ ಎರಡಾಯಿತು. ಒಳಗೆ ಬಿತ್ತು ಎಂದು ಮಾವ, ಹೊರಗೆ ಎಂದು ಅತ್ತೆ. ಹಾಗಾದರೆ ಕೈ ಎತ್ತಿ ಎಂದು ಯಾರೋ ಅಂದರು. ಹತ್ತಾರು ಕೈ ಏಳತೊಡಗಿದವು.

"ಇಳಿಸಿ ಎಲ್ಲಾ," ಎಂದಳು ಇಸ್ತ್ರಿ ಅಕ್ಕ. "ಇದಕ್ಕೆ ನಾವು ಎತ್ತೋದಲ್ಲ. ಹತ್ತಿರ ನಿಂತು ಕಂಡೋಳು ಎತ್ತಿದಾಳೆ."

ಕೈಗಳು ಇಳಿದವು. ಸಂಘದ ಚರಿತ್ರೆಯಲ್ಲೇ ಕೈ ಎಣಿಸದೆ ಒಪ್ಪಿದ ಮಾತು ಅದೊಂದೇ. ಚಿತ್ರ ಕೂಡಿಕೊಂಡಾಗ ಅದೇ ಚೆಂಡನ್ನು ನಿಧಾನವಾಗಿ ತೋರಿಸುತ್ತಿದ್ದರು. ಗೆರೆಗೂ ಚೆಂಡಿಗೂ ನಡುವೆ ಒಂದು ಗುಂಡಿ ಇಡುವಷ್ಟು ಜಾಗ. ಹೊರಗೆ. ಮೊದಲು ಚಪ್ಪಾಳೆ ತಟ್ಟಿದವನು ಕತ್ತರಿ ಮಾವ. ಆಮೇಲೆ ಕಂಬಿ ವಾಪಸ್ ಕೇಳಿದವನೂ ಅವನೇ, ಕಾಲರುಗಳು ಬಾಕಿ ಇದ್ದವಲ್ಲ.

ಸಂಜೆ ಅಂಗಿಗಳ ಕಡೆಯ ಗಂಟು ಕಟ್ಟುವಾಗ ಮಗಳ ಫೋನ್ ಬಂತು. ಮೈಕಿನಂಥ ಗಂಟಲಿನ ಇಸ್ತ್ರಿ ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೋಡಿದ್ಯಾಮ್ಮಾ?"

"ನೋಡ್ದೆ. ನಾನು ಬಾವುಟ ಎತ್ತಿದ್ರೆ ಲಾಠಿ ಬೀಳ್ತಿತ್ತು. ನೀನು ಎತ್ತಿದ್ರೆ ಚೆಂಡೇ ನಿಲ್ಲುತ್ತೆ ನೋಡು."

ಆ ಕಡೆ ನಗು. ಅಕ್ಕ ಸುತ್ತಲೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದವರನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಅದು ಸರಿ, ಗೆದ್ದೋರು ಯಾರೇ? ಇಲ್ಲಿ ಒಬ್ಬರಿಗೂ ಗೊತ್ತಿಲ್ಲ."